ಹನ್ನೊಂದು ಕುಂಡಗಳಿಗೆ ಅರಗಿನ ಮುದ್ರೆ

ನೆಲಕ್ಕೆ ಒಂದು ಹನಿ ನೀರು ಬೀಳದಂತೆ, ಒಂದು ಚಿಟಿಕೆ ಮಣ್ಣು ಚೆಲ್ಲದಂತೆ ಮನೆಯೊಳಗೆ ಗಿಡ ಬೆಳೆಸುವುದು ಹೇಗೆಂದು ಇಡೀ ಜಗತ್ತಿಗೆ ತೋರಿಸಿಕೊಡುತ್ತೇನೆಂದು ನಾನು ಶಪಥ ಮಾಡಿದೆ. ಜಗತ್ತು ಎಂದರೆ ಇಲ್ಲಿ ಒಬ್ಬಳೇ ಹೆಂಗಸು, ನನ್ನ ಎದುರುಮನೆಯವಳು. ಶಪಥ ಮಾತ್ರ ಜಗತ್ತಿನ ಗಾತ್ರದ್ದೇ!

ನನ್ನ ಅರ್ಹತೆಯ ಬಗ್ಗೆ ಯಾರೂ ಅನುಮಾನಪಡಬೇಕಾಗಿಲ್ಲ. ಮೂವತ್ತಾರು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಕಾಲೇಜಿನ ಹರ್ಬೇರಿಯಂ, ಅಂದರೆ ಒಣಗಿಸಿ, ಒತ್ತಿ, ಕಾಗದಕ್ಕೆ ಅಂಟಿಸಿಟ್ಟ ಸಸ್ಯಗಳ ಸಂಗ್ರಹ, ನನ್ನ ಸುಪರ್ದಿಯಲ್ಲಿತ್ತು. ಹನ್ನೆರಡು ಸಾವಿರ ಹಾಳೆಗಳು! ಒಂದಕ್ಕೂ ಹುಳ ಬೀಳಲಿಲ್ಲ, ಒಂದಕ್ಕೂ ಬೂಷ್ಟು ಹಿಡಿಯಲಿಲ್ಲ. ನನ್ನ ಕೈಯಲ್ಲಿ ಒಂದೇ ಒಂದು ಗಿಡ ಸತ್ತ ದಾಖಲೆಯಿಲ್ಲ. ಎಲ್ಲವೂ ಸತ್ತೇ ಬರುತ್ತಿದ್ದವು ಎಂಬುದು ಬೇರೆ ವಿಷಯ.

ಎದುರುಮನೆಯವಳು ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಸಬ್ಜೆಕ್ಟ್ ಇತ್ತು ಅಷ್ಟೆ. ಹಾಗಾಗಿ ಅವಳು ನನಗೆ ಇಂದಿಗೂ ಕೆಮಿಸ್ಟ್ರಿ, ಅವಳಿಗೆ ನಾನು ಬಾಟನಿ. ಇಬ್ಬರೂ ಮದುವೆ ಎಂಬ ಪ್ರಯೋಗಕ್ಕೆ ಕೈ ಹಾಕಿದವರಲ್ಲ. ನಿವೃತ್ತಿಯಾದ ಮೇಲೆ ಲಿಫ್ಟ್ ಇಲ್ಲದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಎದುರುಬದುರು ಮನೆ ಹಿಡಿದೆವು. ಹದಿನೈದು ವರ್ಷ ಪ್ರತಿದಿನ ಸಂಜೆ ನಾಲ್ಕಕ್ಕೆ ನಾನು ಅವಳ ಮನೆಗೆ ಹೋಗುತ್ತಿದ್ದೆ, ಟೀ ಕುಡಿಯುತ್ತಿದ್ದೆ, ಅಲ್ಲಿನ ಅವ್ಯವಸ್ಥೆಯನ್ನು ಎತ್ತಿ ತೋರಿಸುತ್ತಿದ್ದೆ, ಐದಕ್ಕೆ ಎದ್ದು ಬರುತ್ತಿದ್ದೆ.

ಅವ್ಯವಸ್ಥೆಯ ಮೂಲ ಅವಳ ಗಿಡಗಳು. ಹನ್ನೊಂದು ಕುಂಡಗಳು! ನೀರು ಹಾಕಿದಳೆಂದರೆ ತಟ್ಟೆ ತುಂಬಿ, ನೆಲಕ್ಕೆ ಹರಿದು, ಕುರ್ಚಿಯ ಕಾಲಿನ ಸುತ್ತ ಸಣ್ಣ ದ್ವೀಪಗಳಾಗುತ್ತಿದ್ದವು. ನಾನು ಕಾಲೆತ್ತಿ ಕೂರಬೇಕು. "ಒರೆಸೇ" ಅಂದರೆ "ಆರುತ್ತೆ ಬಿಡೇ" ಅನ್ನುತ್ತಿದ್ದಳು. ಕೊನೆಗೆ ಏನಾಗಬೇಕೋ ಅದೇ ಆಯಿತು. ತಾನೇ ಚೆಲ್ಲಿದ ನೀರಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಬೇರೆ ಊರಿನಲ್ಲಿದ್ದ ಅವಳ ತಂಗಿ ಕರೆದೊಯ್ಯಲು ಬಂದಳು.

ಆಸ್ಪತ್ರೆಯಿಂದ ಹೊರಡುವಾಗ ಗಾಲಿಕುರ್ಚಿಯಲ್ಲಿ ಕೂತೇ ಕೆಮಿಸ್ಟ್ರಿ ನನ್ನ ಕೈಗೆ ಬೀಗದ ಕೈ ಕೊಟ್ಟಳು.

"ಗಿಡ ನೋಡ್ಕೋತೀಯೇನೇ ಬಾಟನಿ?"

"ನೋಡ್ಕೋತೀನಿ."

"ನೋಡ್ತಾ ಕೂರೋದಲ್ಲ ಕಣೇ, ನೀರು ಹಾಕ್ಬೇಕು."

"ಹಾಕ್ತೀನಿ. ಒಂದು ಹನಿ ಕೆಳಗೆ ಬೀಳದ ಹಾಗೆ ಹಾಕಿ ತೋರಿಸ್ತೀನಿ."

"ಬಿದ್ರೆ ಬೀಳ್ಲಿ ಬಿಡೇ. ಏನಾಗುತ್ತೆ?"

"ಸೊಂಟ ಮುರಿಯುತ್ತೆ!"

ಅವಳು ನಕ್ಕಳು. "ಮೂರೇ ತಿಂಗಳು. ಬಂದ್ಬಿಡ್ತೀನಿ."

ಹಿಂದೆ ನಿಂತಿದ್ದ ತಂಗಿ ಗೋಡೆಯ ಕಡೆ ನೋಡುತ್ತ "ನೋಡೋಣ" ಅಂದಳು.

ಆ ಒಂದು ಶಬ್ದ ನನಗೆ ಹಿಡಿಸಲಿಲ್ಲ. ತಂಗಿಯ ಮನೆ ನೆಲಮಹಡಿಯಲ್ಲಿದೆ, ಮನೆಮುಂದೆ ಕೂರಲು ಜಗುಲಿ ಇದೆ, ಕೂಗಿದರೆ ಓಗೊಡುವ ಜನ ಇದ್ದಾರೆ. ಅಲ್ಲಿಂದ ಒಬ್ಬಳು ಇಲ್ಲಿಗೆ ವಾಪಸು ಬರಬೇಕಾದರೆ ಇಲ್ಲಿ ಏನಾದರೂ ಇರಬೇಕು. ಏನಿದೆ ಎಂದು ಕುಳಿತು ಯೋಚಿಸಿದೆ. ಹನ್ನೊಂದು ಗಿಡಗಳಿವೆ. ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವೀಕ್ಷಕರು ತಮ್ಮನ್ನೇ ಸೇರಿಸಿಕೊಂಡು ಎಣಿಸುವುದು ವಿಜ್ಞಾನದ ಪದ್ಧತಿಯಲ್ಲ. ಅಂದರೆ ಅವಳು ಬರಲು ಹನ್ನೊಂದು ಕಾರಣಗಳಿವೆ. ಒಂದು ಗಿಡ ಸತ್ತರೆ ಹತ್ತು. ಇಷ್ಟು ಸರಳ!

ಹನ್ನೊಂದನ್ನೂ ನನ್ನ ಮನೆಗೆ ಸಾಗಿಸಿ ಕಿಟಕಿಯ ಬುಡದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಸಮಸ್ಯೆಯನ್ನು ಪರಿಶೀಲಿಸಿದೆ. ನೀರು ನೆಲಕ್ಕೆ ಬರುವುದು ಎಲ್ಲಿಂದ? ಕುಂಡದ ತಳದಲ್ಲಿರುವ ತೂತುಗಳಿಂದ. ತೂತುಗಳನ್ನು ಮುಚ್ಚಿದರೆ? ಆಹಾ! ಹದಿನೈದು ವರ್ಷದಲ್ಲಿ ಆ ಕೆಮಿಸ್ಟ್ರಿಯ ತಲೆಗೆ ಇದು ಹೊಳೆಯಲಿಲ್ಲವಲ್ಲ ಎಂದು ಮರುಕ ಬಂತು.

ಮುಚ್ಚಲು ಏನು ಬಳಸಬೇಕು? ಮೇಜಿನ ಡ್ರಾಯರಿನಲ್ಲಿ ಕೆಂಪು ಅರಗಿನ ಕಡ್ಡಿಗಳಿದ್ದವು. ನಾನು ಮುಖ್ಯ ಪರೀಕ್ಷಕಿಯಾಗಿದ್ದ ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ಮುದ್ರೆ ಹಾಕಲು ಕೊಟ್ಟವು. ಒಮ್ಮೆ ನಾನು ಮುದ್ರೆ ಹಾಕಿದ ಕಟ್ಟಿನಿಂದ ಒಂದು ಅಂಕವೂ ಹೊರಗೆ ಸೋರಿದ್ದಿಲ್ಲ, ನೀರು ಯಾವ ಲೆಕ್ಕ! ಮೇಣದಬತ್ತಿ ಹಚ್ಚಿ, ಕುಂಡಗಳನ್ನು ಒಂದೊಂದಾಗಿ ಓರೆ ಮಾಡಿ, ಕರಗಿದ ಅರಗನ್ನು ತೂತಿಗೆ ತೊಟ್ಟಿಕ್ಕಿಸಿದೆ. ಒತ್ತಲು ಹಿತ್ತಾಳೆಯ ಮುದ್ರೆ ಬೇಕಲ್ಲ? ಅದನ್ನು ನಿವೃತ್ತಿಯ ದಿನ ಕಾಲೇಜಿಗೆ ಒಪ್ಪಿಸಿದ್ದೆ. ಹೆಬ್ಬೆರಳಿನಿಂದಲೇ ಒತ್ತಿದೆ. ಡಾಕ್ಟರೇಟ್ ಪಡೆದವಳು ಹನ್ನೊಂದು ಕುಂಡಗಳ ತಳಕ್ಕೆ ಹೆಬ್ಬೆಟ್ಟು ಹಾಕಿದೆ!

ಆಮೇಲೆ ಶುರುವಾಯಿತು ನನ್ನ ಆಡಳಿತ. ಸೋಮವಾರ, ಗುರುವಾರ ಬೆಳಗ್ಗೆ ಎಂಟಕ್ಕೆ ಗಾಜಿನ ಅಳತೆಯ ಜಾಡಿಯಲ್ಲಿ ತಲಾ ನೂರೈವತ್ತು ಮಿಲಿಲೀಟರು. ಸುರಿಯಲು ಆಲಿಕೆ. ಗೋಡೆಯ ಮೇಲೆ ಪಟ್ಟಿ. ನೆಲದ ಮೇಲೆ ಒಂದು ಹನಿ? ಊಹೂಂ! ಸಂಜೆ ನಾಲ್ಕಕ್ಕೆ ಎದುರಿನ ಬಾಗಿಲಿಗೆ ಬೀಗ ಇರುವುದರಿಂದ ಆ ಹೊತ್ತಿಗೆ ಕೆಮಿಸ್ಟ್ರಿಗೆ ಫೋನಿನಲ್ಲಿ ವರದಿ ಒಪ್ಪಿಸುವುದೆಂದು ಗೊತ್ತುಮಾಡಿಕೊಂಡೆ.

"ಹೇಗಿದಾವೆ?"

"ಹನ್ನೊಂದೂ ಹಾಜರ್."

"ನೆಲ?"

"ಮುಖ ನೋಡ್ಕೋಬಹುದು."

"ಯಾರ ಮುಖ?"

"ನಂದೇ. ಇನ್ಯಾರಿದ್ದಾರೆ ಇಲ್ಲಿ?"

"ಅವುಗಳ ಜೊತೆ ಏನಾದ್ರೂ ಮಾತಾಡೇ" ಅಂದಳು.

"ಏನು ಮಾತಾಡೋದು? ಅವಕ್ಕೆ ಕಿವಿ ಇಲ್ಲ ಅಂತ ಮೂವತ್ತಾರು ವರ್ಷ ಪಾಠ ಮಾಡಿದ್ದೀನಿ."

ಮೂರು ವಾರ ಎಲ್ಲ ಸುಸೂತ್ರ. ನಾಲ್ಕನೇ ವಾರ ಎಲೆಗಳು ಹಳದಿಯಾಗತೊಡಗಿದವು. ಹಳದಿ ಎಂದರೆ ಏನು? ನೀರು ಸಾಲದು! ಇನ್ನೂರೈವತ್ತು ಮಿಲಿಲೀಟರಿಗೆ ಏರಿಸಿದೆ. ಇನ್ನಷ್ಟು ಹಳದಿಯಾದವು. ಮುನ್ನೂರು! ಮನಿಪ್ಲಾಂಟು ಮೆತ್ತಗಾಯಿತು. ಜರೀಗಿಡ ತಲೆಬಾಗಿ ನಿಂತಿತು, ಫೇಲಾದ ವಿದ್ಯಾರ್ಥಿನಿಯ ಹಾಗೆ. ಮನೆಯಲ್ಲಿ ಎಂಥದೋ ವಾಸನೆ. ಸಾಸಿವೆ ಗಾತ್ರದ ಕಪ್ಪು ನೊಣಗಳು ಎದ್ದವು. ಅವುಗಳ ಕುಲನಾಮ, ಜಾತಿನಾಮ ಎರಡೂ ನನಗೆ ಗೊತ್ತಿತ್ತು. ಓಡಿಸುವುದು ಹೇಗೆಂದು ಗೊತ್ತಿರಲಿಲ್ಲ.

ಮೊದಲು ಹೋದದ್ದು ಬಿಗೋನಿಯ. ಬೆಳಗ್ಗೆ ನೋಡಿದರೆ ಕಾಂಡ ಬುಡದಲ್ಲೇ ಕರಗಿ ಪಕ್ಕಕ್ಕೆ ಒರಗಿತ್ತು. ನಾನು ಗಾಬರಿಯಾಗಲಿಲ್ಲ. ಗಾಬರಿಯಾಗದೆ ಇರುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಬ್ಲಾಟಿಂಗ್ ಪೇಪರಿನ ನಡುವೆ ಹರಡಿ, ಮೇಲೆ ನಿಘಂಟಿನ ಎರಡು ಸಂಪುಟ ಹೇರಿ, ಒಣಗಿದ ಮೇಲೆ ಹಾಳೆಗೆ ಅಂಟಿಸಿ ಚೀಟಿ ಬರೆದೆ: ಸಸ್ಯದ ಹೆಸರು, ಸಂಗ್ರಹಿಸಿದ ದಿನ, ಸಂಗ್ರಹಿಸಿದ ಸ್ಥಳ, ನನ್ನ ಮನೆಯ ಕಿಟಕಿ.

"ಬಿಗೋನಿಯ ಹೇಗಿದೆ?" ಅಂದಳು ಕೆಮಿಸ್ಟ್ರಿ, ಅದೇ ವಾರ. ಇವಳಿಗೆ ಮೂಗು ಬಹಳ ಉದ್ದ.

"ತುಂಬಾ ವ್ಯವಸ್ಥಿತವಾಗಿದೆ."

"ಹೂ ಬಿಟ್ಟಿದೆಯಾ?"

"ಒಂದು ಇದೆ. ಬಣ್ಣ ಕೆಡದ ಹಾಗೆ ಇಟ್ಟಿದ್ದೀನಿ."

"ಇಟ್ಟಿದ್ದೀನಿ ಅಂದ್ರೆ? ಲೇ ಬಾಟನಿ, ಅದನ್ನ ಒತ್ತಿಬಿಟ್ಟಿಲ್ಲ ತಾನೆ?"

"ಲೈನ್ ಸರಿಯಿಲ್ಲ" ಅಂದೆ.

"ಲೈನ್ ಚೆನ್ನಾಗೇ ಇದೆ. ಸರಿ ಬಿಡು, ಇನ್ನೊಂದು ವಿಷಯ. ನನ್ನ ತಂಗಿ ಇಲ್ಲೇ ಇದ್ದುಬಿಡು ಅಂತ ದಿನಾ ಹಠ ಮಾಡ್ತಿದ್ದಾಳೆ. ನೀನೇನಂತೀಯಾ?"

"ನಿನ್ನ ಸೊಂಟ, ನಿನ್ನಿಷ್ಟ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕುರ್ಚಿಯಲ್ಲೇ ಕೂತಿದ್ದೆ. ಬೇರೆ ಒಂದು ವಾಕ್ಯ ಬಾಯಿಗೆ ಬಂದಿತ್ತು, ನಿಜ. ಆದರೆ ಅಂಥ ವಾಕ್ಯವನ್ನು ಎಪ್ಪತ್ತಾರು ವರ್ಷದಲ್ಲಿ ಯಾರಿಗೂ ಹೇಳಿದವಳಲ್ಲ. ಮೊದಲ ಸಲ ಹೇಳುವುದನ್ನು ಫೋನಿನಲ್ಲಿ ಹೇಳುವುದೇ? ವಾಕ್ಯದ ಬದಲು ಗಿಡಗಳನ್ನು ಉಳಿಸುವುದು ಸುಲಭ ಅನ್ನಿಸಿತು.

ಸುಲಭ! ಮುಂದಿನ ಎರಡು ವಾರದಲ್ಲಿ ಜರೀಗಿಡವೂ ಹೋಯಿತು. ಅದಕ್ಕೂ ಹಾಳೆ, ಅದಕ್ಕೂ ಚೀಟಿ. ಉಳಿದವು ಒಂಬತ್ತು. ಆ ಗುರುವಾರ ರಬ್ಬರ್ ಗಿಡವನ್ನು ಬೆಳಕಿಗೆ ತಿರುಗಿಸೋಣವೆಂದು ಕುಂಡಕ್ಕೆ ಕೈ ಹಾಕಿದೆ. ತಂದ ದಿನ ಒಂದೇ ಕೈಯಲ್ಲಿ ಎತ್ತಿದ್ದ ಕುಂಡ, ಈಗ ಎರಡು ಕೈ ಹಾಕಿದರೂ ಅಲುಗಲಿಲ್ಲ. ಗೋಡೆಯ ಪಟ್ಟಿ ನೋಡಿದೆ. ಒಳಗೆ ಹೋದ ನೀರೆಲ್ಲ ಮಿಲಿಲೀಟರು ತಪ್ಪದೆ ದಾಖಲಾಗಿತ್ತು. ಹೊರಗೆ ಹೋದದ್ದು? ಆ ಹೆಸರಿನ ಅಂಕಣವೇ ಇರಲಿಲ್ಲ!

"ಬೇರುಗಳೂ ಉಸಿರಾಡುತ್ತವೆ. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ." ಇದನ್ನು ಪ್ರಥಮ ವರ್ಷದ ಮಕ್ಕಳಿಗೆ ಮೂವತ್ತಾರು ಸಲ ಬರೆಸಿದ್ದೇನೆ. ಎರಡು ಅಂಕದ ಪ್ರಶ್ನೆ. ಉತ್ತರಿಸದವರಿಗೆ ನಿಂತುಕೊಳ್ಳುವ ಶಿಕ್ಷೆ! ನಾನು ಹಾಲ್‌ನ ಮಧ್ಯದಲ್ಲಿ ನಿಂತೇ ಇದ್ದೆ.

ನಿಂತು ಏನು ಪ್ರಯೋಜನ? ತೂತುಗಳನ್ನು ಈಗಲೇ ತೆರೆಯಬೇಕು. ಆದರೆ ಇಷ್ಟು ದಿನದ ಕೊಳಚೆಯನ್ನು ಹಾಲ್‌ನಲ್ಲಿ ಬಿಡುವಷ್ಟು ಬುದ್ಧಿಗೇಡಿ ನಾನಲ್ಲ. ಹಳೆಯ ಬೆಡ್‌ಶೀಟಿನ ಮೇಲೆ ಕುಂಡಗಳನ್ನು ಒಂದೊಂದಾಗಿ ಕೂರಿಸಿ, ರಾಜಮರ್ಯಾದೆಯಿಂದ ಬಚ್ಚಲುಮನೆಗೆ ಎಳೆದೊಯ್ದೆ. ಸತ್ತವರ ಎರಡು ಕುಂಡಗಳನ್ನೂ ಬಿಡಲಿಲ್ಲ, ನ್ಯಾಯ ಎಲ್ಲರಿಗೂ ಒಂದೇ. ಹನ್ನೊಂದನ್ನೂ ಅಡ್ಡ ಮಲಗಿಸಿದೆ. ಗೋಣಿ ಹೊಲಿಯುವ ದಬ್ಬಳವನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಮೊದಲ ಕುಂಡದ ಅರಗಿಗೆ ಚುಚ್ಚಿದೆ.

ಕರಿನೀರು ಚಿಮ್ಮಿತು! ಕೊಳೆತ ಮೊಟ್ಟೆಯ ವಾಸನೆ! ನನಗೆ ಎಷ್ಟು ಉತ್ಸಾಹ ಬಂತೆಂದರೆ ಉಳಿದ ಹತ್ತನ್ನೂ ಒಂದೇ ಉಸಿರಿನಲ್ಲಿ ಚುಚ್ಚಿಬಿಟ್ಟೆ. ಹನ್ನೊಂದು ಕಾರಂಜಿಗಳು! ಮಣ್ಣು, ಬೇರು, ಕಲ್ಲು, ಅರಗಿನ ಚೂರು ಎಲ್ಲವೂ ಮೆರವಣಿಗೆಯಾಗಿ ಹೊರಟು ಬಾಗಿಲ ಬಳಿಯ ನೀರು ಹೋಗುವ ತೂತಿಗೆ ಬಂದವು, ಒಂದರ ಮೇಲೊಂದು ಕೂತವು, ಅಲ್ಲೇ ಬೀಡುಬಿಟ್ಟವು. ತೊಳೆದರೆ ಹೋದೀತೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿ, ತೂತಿನ ಹತ್ತಿರ ಏನಾಗುತ್ತಿದೆ ಎಂದು ನೋಡಲು ಬಾಗಿಲಿಗೆ ಬಂದೆ. ಏನಾಗುತ್ತಿದೆ? ನೀರು ಏರುತ್ತಿದೆ! ನಲ್ಲಿ ಆ ಕಡೆ, ನಾನು ಈ ಕಡೆ, ನಡುವೆ ಮಲಗಿದ ಹನ್ನೊಂದು ಕುಂಡಗಳು ಮತ್ತು ಪಾದ ಮುಳುಗುವಷ್ಟು ಜಾರು ಕೆಸರು. ಇಲ್ಲಿ ಜಾರಿದರೆ ತಂಗಿ ಬಂದು ಕರೆದೊಯ್ಯಲು ನನಗೆ ತಂಗಿಯೂ ಇಲ್ಲ.

ನೀರು ಹೊಸ್ತಿಲು ದಾಟಿತು. ಹಾಲಿಗೆ ಬಂತು. ಮುಖ ನೋಡಿಕೊಳ್ಳಬಹುದಾಗಿದ್ದ ನೆಲ! ಓಡಿಹೋಗಿ ಕಪಾಟಿನಿಂದ ಬ್ಲಾಟಿಂಗ್ ಪೇಪರ್ ತಂದೆ. ಮುನ್ನೂರು ಹಾಳೆ. ಹರ್ಬೇರಿಯಮ್ಮಿನಲ್ಲಿ ಒದ್ದೆಯ ವಿರುದ್ಧ ಒಂದು ಆಯುಷ್ಯವೆಲ್ಲ ಹೋರಾಡಿದ ಸೈನ್ಯ ಅದು. ಸಾಲುಸಾಲಾಗಿ ಹಾಸಿದೆ. ಒಂದೇ ನಿಮಿಷದಲ್ಲಿ ಸೈನ್ಯವೆಲ್ಲ ಗಂಜಿಯಾಯಿತು.

ಆಗ ಬಾಗಿಲು ಬಡಿದ ಸದ್ದು. ತೆರೆದರೆ ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು. ಐವತ್ತು ದಾಟಿದ, ಬಿಳಿ ಕೋಟಿನ ಮನುಷ್ಯ. ಕೋಟಿನ ಭುಜದ ಮೇಲೆ ಕಂದು ಬಣ್ಣದ ನಕ್ಷೆ. ಇಷ್ಟು ವರ್ಷದಲ್ಲಿ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ನಾನು ಅವರೊಡನೆ ಆಡಿದವಳಲ್ಲ.

"ಮೇಡಂ, ಮೇಲೆ ಏನು ನಡೀತಿದೆ?"

"ಗಿಡಗಳಿಗೆ ಸ್ವಲ್ಪ ಶುಶ್ರೂಷೆ."

"ಕೆಳಗೆ ಕುರ್ಚೀಲಿ ಪೇಷೆಂಟ್ ಬಾಯಿ ತೆರೆದು ಮಲಗಿದ್ರು. ನಿಮ್ಮ ಶುಶ್ರೂಷೆ ನೇರ ಅವರ ಬಾಯಿಗೇ ಬಿತ್ತು!"

"ಏನಂದ್ರು ಅವರು?"

"ಏನನ್ನೋಕೂ ಆಗಲಿಲ್ಲ ಪಾಪ, ಬಾಯಿ ಮರಗಟ್ಟಿತ್ತು. ಹೊಸ ಔಷಧಿ ಅಂದ್ಕೊಂಡು ನುಂಗ್ಬಿಟ್ರು. ನಲ್ಲಿ ಎಲ್ಲಿದೆ?"

ಪ್ಯಾಂಟು ಮೊಣಕಾಲಿಗೆ ಮಡಚಿ, ನನ್ನ ಹನ್ನೊಂದು ಕುಂಡಗಳನ್ನು ದಾಟಿ ಹೋಗಿ ನಲ್ಲಿ ನಿಲ್ಲಿಸಿದರು. ಆಮೇಲೆ ಕೋಟಿನ ಜೇಬಿನಿಂದ ಹಲ್ಲು ಕೀಳುವ ಇಕ್ಕುಳ ತೆಗೆದರು! ಬಚ್ಚಲ ತೂತಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಬೇರಿನ ಸಿಂಬೆಯೊಂದನ್ನು ಹಿಡಿದು, ಆ ಕಡೆ ಈ ಕಡೆ ಅಲುಗಿಸಿ, ನಿಧಾನವಾಗಿ ಎಳೆದರು. ಗಳಗಳ ಎಂದು ನೀರು ಇಳಿಯಿತು.

"ಬುಡ ಕೊಳೆತಿದೆ ಮೇಡಂ. ಮೊದಲೇ ತೋರಿಸ್ಬೇಕಿತ್ತು" ಅಂದರು, ಅಭ್ಯಾಸಬಲದಿಂದ.

"ಪೇಷೆಂಟ್?"

"ಮರಗಟ್ಟಿರೋದು ಬಿಡೋಕೆ ಇನ್ನೂ ಹತ್ತು ನಿಮಿಷ ಇದೆ" ಎಂದು ಇಳಿದು ಹೋದರು.

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮಧ್ಯಾಹ್ನ ಒಂದಕ್ಕೆ ಮತ್ತೆ ಬಂದರು, ಕರೆಯದೆಯೇ! ಹಾಲಿನಲ್ಲಿ ಹಳೆಯ ಪತ್ರಿಕೆ ಹರಡಿದರು. ಒಂದೊಂದೇ ಗಿಡವನ್ನು ಮಣ್ಣುಸಮೇತ ಎತ್ತಿ, ಕಪ್ಪಾದ ಬೇರನ್ನು ಕತ್ತರಿಸಿ, ಬೆಳ್ಳಗಿದ್ದುದನ್ನು ಉಳಿಸಿದರು. ಕೆಮಿಸ್ಟ್ರಿಯ ಬಾಲ್ಕನಿಯಲ್ಲಿದ್ದ ಚೀಲದಿಂದ ನಾನು ಒಣಮಣ್ಣು ತಂದೆ. ಅವರು ಗಿಡ ಹಿಡಿದರು, ನಾನು ಮಣ್ಣು ತುಂಬಿದೆ. ಪತ್ರಿಕೆಯ ಮೇಲೂ, ಅದರ ಹೊರಗೂ, ನನ್ನ ಸೀರೆಯ ಮೇಲೂ, ಅವರ ಕನ್ನಡಕದ ಮೇಲೂ ಮಣ್ಣು. ಆರು ಗಿಡ ಉಳಿದವು. ಮೂರು ನಮ್ಮ ಕಣ್ಣೆದುರಿಗೇ ಹೋದವು.

ಟೀ ಕೊಡುವುದು ಶಿಷ್ಟಾಚಾರ. ಒಂದು ಕಪ್ಪು ಕೈಗೆ ಸಿಕ್ಕಿತು. ಎರಡನೆಯದನ್ನು ಕಪಾಟಿನ ಹಿಂದಿನಿಂದ ಹುಡುಕಿ, ಧೂಳು ತೊಳೆಯಬೇಕಾಯಿತು.

"ದಿನವೆಲ್ಲ ನಾನೊಬ್ನೇ ಮಾತಾಡ್ತೀನಿ ಮೇಡಂ" ಅಂದರು ಡಾಕ್ಟರು, ಟೀ ಊದುತ್ತ. "ಎದುರಿಗಿರೋರ ಬಾಯಲ್ಲಿ ನನ್ನ ಕೈ ಇರುತ್ತೆ. 'ಮಕ್ಕಳು ಚೆನ್ನಾಗಿದಾರಾ' ಅಂದ್ರೆ 'ಆ ಆ' ಅಂತಾರೆ. ಆ ಅಂದ್ರೆ ಹೌದೋ ಅಲ್ವೋ, ಇಪ್ಪತ್ತೈದು ವರ್ಷ ಆಯ್ತು, ಗೊತ್ತಾಗಿಲ್ಲ."

ಇದಕ್ಕೆ ಏನಾದರೂ ಹೇಳಬೇಕಿತ್ತು. ನಾನು ಗಡಿಯಾರ ನೋಡಿ "ಎರಡೂವರೆಯಾಯ್ತು, ನಿಮ್ಮ ಪೇಷೆಂಟ್‌ಗಳು ಕಾಯ್ತಿರಬಹುದು" ಅಂದೆ. ಅವರು ಎದ್ದರು. ಬಾಗಿಲು ಹಾಕಿದ ಮೇಲೆ, ಕಪ್ಪಿನಲ್ಲಿ ಅರ್ಧ ಟೀ ಉಳಿದದ್ದು ಕಂಡಿತು.

ನಾಲ್ಕಕ್ಕೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅರಗು, ಹೆಬ್ಬೆಟ್ಟು, ಕಾರಂಜಿ, ರೋಗಿಯ ಬಾಯಿ. ಕೆಮಿಸ್ಟ್ರಿ ಎಷ್ಟು ನಕ್ಕಳೆಂದರೆ ಅವಳ ತಂಗಿ ಓಡಿಬಂದು "ಅಕ್ಕಾ, ಸೊಂಟ! ಅಕ್ಕಾ, ಸೊಂಟ!" ಎಂದು ಕೂಗಿದ್ದು ನನಗೆ ಕೇಳಿಸಿತು.

"ಆರು ಇನ್ನೂ ಇವೆ" ಅಂದೆ. "ಸಾಕಾಗುತ್ತಾ?"

"ಏನಕ್ಕೆ ಸಾಕಾಗುತ್ತಾ?"

"ನೀನು ವಾಪಸು ಬರೋಕೆ."

ನಗು ನಿಂತಿತು.

"ಬಾಟನಿ," ಅಂದಳು ಮೆಲ್ಲಗೆ, "ನಮ್ಮ ಕಟ್ಟಡಕ್ಕೆ ಮೂವತ್ತೆಂಟು ಮೆಟ್ಟಿಲಿದಾವೆ ಕಣೇ. ಇನ್ನು ಮೆಟ್ಟಿಲು ಹತ್ತೋ ಹಾಗಿಲ್ಲ ಅಂತ ಇಲ್ಲಿನ ಮೂಳೆ ಡಾಕ್ಟ್ರು ಹೇಳಿ ಎರಡು ವಾರ ಆಯ್ತು. ನಿಂಗೆ ಹೇಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಹನ್ನೊಂದು ಹಾಜರ್, ಹನ್ನೊಂದು ಹಾಜರ್ ಅಂತ ದಿನಾ ಹೇಳ್ತಿದ್ಯಲ್ಲ!"

ನಾನು ಎರಡು ವಾರ ಸತ್ತ ಗಿಡಗಳ ಹಾಜರಿ ಕೂಗಿದ್ದೆ. ಅವಳು ಎರಡು ವಾರ ಬರುವವಳ ಹಾಗೆ ಕೇಳಿಸಿಕೊಂಡಿದ್ದಳು. ಹನ್ನೊಂದು ಬದುಕಿದ್ದರೂ, ನೂರಾ ಹನ್ನೊಂದು ಬದುಕಿದ್ದರೂ, ಮೆಟ್ಟಿಲು ಮೂವತ್ತೆಂಟೇ.

ಭಾನುವಾರ ಮನೆ ಖಾಲಿ ಮಾಡಲು ಬಂದರು. ತಂಗಿ ಮೇಲೆ ಸಾಮಾನು ಕಟ್ಟಿಸುತ್ತಿದ್ದಳು. ಕೆಮಿಸ್ಟ್ರಿ ರಸ್ತೆ ಬದಿ ನಿಲ್ಲಿಸಿದ ಕಾರಿನಲ್ಲೇ ಕೂತಿದ್ದಳು. ಗಿಡಗಳನ್ನು ಅವಳಿಗೆ ಒಪ್ಪಿಸಬೇಕಲ್ಲ? ಚೆಲ್ಲದಂತೆ ಪ್ರತಿ ಕುಂಡದ ಬಾಯಿಗೂ ಬಟ್ಟೆ ಬಿಗಿದು, ಒಂದು ಸಲಕ್ಕೆ ಒಂದರಂತೆ ಆರು ಸಲ ಇಳಿದೆ. ಮೊಣಕಾಲು ಬೇಡವೆಂದು ಬೇಡಿಕೊಂಡಿತು. ಕಾರಿನ ಪಕ್ಕದಲ್ಲಿ ಆರನ್ನೂ ಸಾಲಾಗಿ ನಿಲ್ಲಿಸಿದೆ.

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. "ಇವನ್ನ್ಯಾಕೆ ಇಳಿಸ್ದೆ? ಇವು ನಿಂಗೆ."

"ನಂಗೆ ಗಿಡ ಸಾಕೋಕೆ ಬರಲ್ಲ ಅಂತ ಸಾಬೀತಾಗಿದೆಯಲ್ಲ."

"ಸಾಕೋಕೆ ಅಲ್ಲ ಕಣೇ, ಚೆಲ್ಲೋಕೆ!"

"ಏನಂದೆ?"

"ಹದಿನೈದು ವರ್ಷ ಗಿಡ ಬೆಳೆಸಿದೋಳಿಗೆ ತಟ್ಟೆ ತುಂಬೋ ಮುಂಚೆ ನೀರು ನಿಲ್ಸೋಕೆ ಬರಲ್ಲ ಅಂದ್ಕೊಂಡ್ಯಾ? ನನ್ನ ಮನೆ ಇರೋದು ಡಾಕ್ಟ್ರ ಕಾಯೋ ಕೋಣೆ ಮೇಲೆ. ತಿಂಗಳಿಗೊಂದ್ಸಲ ಒಂಚೂರು ಜಾಸ್ತಿ ಹಾಕ್ತಿದ್ದೆ. ಅಲ್ಲಿ ಹಳೇ ಪತ್ರಿಕೆ ನೆನೀತಿತ್ತು. ಅವರು ಜಗಳ ಆಡೋಕೆ ಮೇಲೆ ಬರ್ತಿದ್ರು. ಬೈತಿದ್ರು, ಕೂರ್ತಿದ್ರು, ಟೀ ಕುಡೀತಿದ್ರು. ಬೆಳಗ್ಗೆ ಹತ್ತಕ್ಕೆ ಬಂದೋರು ಒಂದೊಂದ್ಸಲ ಹನ್ನೊಂದಾದ್ರೂ ಏಳ್ತಿರ್ಲಿಲ್ಲ."

ನನಗೆ ಸಿಟ್ಟು ಬಂತು. "ನಾನು ದಿನಾ ನಾಲ್ಕಕ್ಕೆ ಬರ್ತಿರ್ಲಿಲ್ವಾ?"

"ನೀನು ಬರ್ತಿದ್ದೆ. ತಪ್ಪು ತಿದ್ದೋಕೆ" ಅಂದಳು. "ಅದೂ ಬೇಕಿತ್ತು ಕಣೇ. ಆದ್ರೆ ಅದೊಂದೇ ಸಾಲ್ತಿರ್ಲಿಲ್ಲ."

"ಅದೇ ನೀರಲ್ಲಿ ಜಾರಿ ಸೊಂಟ ಮುರ್ಕೊಂಡ್ಯಲ್ಲೇ!"

"ಹದಿನೈದು ವರ್ಷಕ್ಕೆ ಒಂದು ಸೊಂಟ. ಪರವಾಗಿಲ್ಲ."

ತಂಗಿ ಇಳಿದು ಬಂದಳು. ಕಾರು ಹೊರಟಿತು. ಆ ವಾಕ್ಯವನ್ನು ಆಗಲಾದರೂ ಹೇಳಬಹುದಿತ್ತು. ನಾನು "ಬೆಲ್ಟ್ ಹಾಕ್ಕೋ" ಅಂದೆ. ಆರು ಕುಂಡಗಳನ್ನು ಮತ್ತೆ ಆರು ಸಲ ಮೇಲೆ ಹೊತ್ತೆ. ಒಂದು ಚಿಟಿಕೆ ಮಣ್ಣೂ ಮೆಟ್ಟಿಲ ಮೇಲೆ ಬೀಳಲಿಲ್ಲ.

ಆಮೇಲಿನ ವಾರಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಈಗ ತೂತುಗಳು ತೆರೆದಿವೆ, ಕೆಳಗೆ ತಟ್ಟೆಗಳಿವೆ, ಬೆರಳಿಟ್ಟು ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕುತ್ತೇನೆ. ಮನಿಪ್ಲಾಂಟು ಎರಡು ಹೊಸ ಎಲೆ ಬಿಟ್ಟಿತು. ನೆಲ ಫಳಫಳ. ಎರಡು ದಿನ ಕೆಳಗಿನಿಂದ ಕುಟ್ಟುವ ಸದ್ದು ಬಂತು, ಯಾರದೋ ಗಟ್ಟಿ ಹಲ್ಲು ಇರಬೇಕು ಅಂದುಕೊಂಡೆ. ಕೆಮಿಸ್ಟ್ರಿಗೆ ಫೋನ್ ಮಾಡಿದರೆ ಅಲ್ಲಿ ತುಂಬಾ ಗದ್ದಲ. "ಆಮೇಲೆ ಮಾಡ್ತೀನೇ" ಅನ್ನುತ್ತಾಳೆ, ಮಾಡುತ್ತಾಳೆ ಕೂಡ, ಆದರೆ ನಾಲ್ಕಕ್ಕಲ್ಲ. ಎದುರುಮನೆಗೆ ಇನ್ನೂ ಯಾರೂ ಬಂದಿಲ್ಲ. ಸಂಜೆ ನಾಲ್ಕಕ್ಕೆ ಎಷ್ಟೋ ಸಲ ಚಪ್ಪಲಿ ಮೆಟ್ಟಿ, ಬಾಗಿಲು ತೆಗೆದು, ಆ ಬೀಗ ನೋಡಿ ಒಳಗೆ ಬಂದಿದ್ದೇನೆ. ಅಭ್ಯಾಸ, ಅಷ್ಟೆ.

ಒಂದು ಬುಧವಾರ ಮಧ್ಯಾಹ್ನ ಒಂದೂವರೆಗೆ ಅಳತೆಯ ಜಾಡಿ ತೆಗೆದುಕೊಂಡೆ. ಆ ಹೊತ್ತು ಕೆಳಗೆ ರೋಗಿಗಳಿರುವುದಿಲ್ಲ. ಮನುಷ್ಯತ್ವ ಅಂತ ಒಂದಿದೆಯಲ್ಲ. ಡಾಕ್ಟರ ಕುರ್ಚಿಯ ನೇರಕ್ಕೆ ಬರುವ ಜಾಗವನ್ನು ಲೆಕ್ಕ ಹಾಕಿ ಗುರುತಿಸಿದೆ. ಅರ್ಧ ಲೀಟರ್ ಚೆಲ್ಲಿದೆ. ಚೆಲ್ಲಿದೆ ಅನ್ನುವುದು ಸರಿಯಲ್ಲ. ಅಳೆದು, ಯೋಚಿಸಿ, ಸುರಿದೆ. ಒಲೆಯ ಮೇಲೆ ಟೀಗೆ ನೀರಿಟ್ಟೆ. ಎರಡು ಕಪ್ಪು.

ಇಪ್ಪತ್ತು ನಿಮಿಷ. ಯಾರೂ ಬರಲಿಲ್ಲ. ಇನ್ನೊಂದು ಲೀಟರ್! ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಸೆರಗು ಸರಿಮಾಡಿಕೊಂಡೆ. ಅಂಚೆಯವನು ಮೇಲಿನ ಮಹಡಿಗೆ ಹತ್ತಿಹೋದ. ಒಂದು ಬಕೆಟ್! ಟೀ ಆರಿತು. ಅದರ ಮೇಲೆ ಕೆನೆ ಕಟ್ಟಿತು. ನಾನೇ ಚೆಲ್ಲಿದ ನೀರನ್ನು ನಾನೇ ಒರೆಸಿ, ಬಟ್ಟೆ ಹಿಂಡಿ, ಕೈ ಒರೆಸಿಕೊಂಡು, ಕೆಳಗಿಳಿದೆ.

ಡಾಕ್ಟರು ಖಾಲಿ ಕುರ್ಚಿಯ ಪಕ್ಕದಲ್ಲಿ ಪತ್ರಿಕೆ ಓದುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು, ಮುಖವೆಲ್ಲ ಬೆಳಕು.

"ಬನ್ನಿ ಮೇಡಂ, ಬನ್ನಿ! ನೋಡಿ, ಹೊಸ ಸೀಲಿಂಗ್! ಒಳಗಡೆ ದಪ್ಪ ಶೀಟು, ಮೇಲಿಂದ ನೀರು ಬಿದ್ರೆ ಪೈಪಲ್ಲಿ ಸೀದಾ ಹೊರಗೆ! ಇನ್ನು ನೀವು ಮನೇಲಿ ಕೆರೇನೇ ತೋಡ್ಸಿದ್ರೂ ನಾನು ಬಂದು ನಿಮಗೆ ತೊಂದ್ರೆ ಕೊಡಲ್ಲ."

"ಒಳ್ಳೇದಾಯ್ತು" ಅಂದೆ.

"ಆರಾಮಾಗಿ ನೀರು ಹಾಕ್ಕೊಳ್ಳಿ. ಏನು, ಇಳಿದು ಬಂದ್ರಿ?"

ಮೂವತ್ತಾರು ವರ್ಷ ಸಾವಿರಾರು ಮಕ್ಕಳ ಸುಳ್ಳುಗಳನ್ನು ಕ್ಷಣಾರ್ಧದಲ್ಲಿ ಹಿಡಿದವಳು ನಾನು. ಈಗ ಒಂದು ಸುಳ್ಳು ಬೇಕಾಗಿತ್ತು, ಒಂದೂ ಹೊಳೆಯಲಿಲ್ಲ.

"ಹಲ್ಲುನೋವು" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ನೋಡಬೇಕಾದ್ದೇ. ನನ್ನ ಬಾಯಲ್ಲಿರುವ ಹಲ್ಲುಗಳೆಲ್ಲ, ಮೇಲಿನ ಸಾಲು, ಕೆಳಗಿನ ಸಾಲು ಎರಡೂ, ಆರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂರಿಸಿ ಅಳತೆ ತೆಗೆದು ಅವರೇ ಮಾಡಿಕೊಟ್ಟವು. ರಾತ್ರಿ ತೆಗೆದು ನೀರಿನಲ್ಲಿಡುತ್ತೇನೆ.

"ಯಾವ ಹಲ್ಲು ಮೇಡಂ?" ಅಂದರು.

"ಗೊತ್ತಾಗ್ತಿಲ್ಲ" ಅಂದೆ.

ಡಾಕ್ಟರು ಪತ್ರಿಕೆ ಮಡಚಿಟ್ಟು, ಕುರ್ಚಿಯ ಧೂಳನ್ನು ಕೈಯಿಂದ ಕೊಡವಿದರು.

"ಕೂತ್ಕೊಳ್ಳಿ. ಮೂರು ಗಂಟೆ ತನಕ ಯಾರೂ ಇಲ್ಲ. ಒಂದೊಂದೇ ನೋಡ್ಕೊಂಡು ಬರೋಣ."